ಅಡಿ ಲೆಕ್ಕ

ಬೆಳಗಾದರೆ ಪತ್ರಿಕೆಯ ಮೂಲೆಯಲ್ಲಿ ಒಂದು ಅಂಕಿ:
ಕನ್ನಂಬಾಡಿ ಕಟ್ಟೆ, ಇಂದು ನೂರಾನಾಲ್ಕು ಅಡಿ.
ಮೈಸೂರು ಅದನ್ನು ನಲ್ಲಿಯೆಂದು ಓದುತ್ತದೆ,
ಮಂಡ್ಯ ನಾಲೆಯೆಂದು.
ನಾನೂ ಸೆಲೆಸ್ಟಿನ್ನೂ ಓದುವುದು
ನಮ್ಮ ಕರಾವಳಿ ಈವತ್ತು ಎಲ್ಲಿದೆಯೆಂದು.

ಹದಿಮೂರಡಿ ದೋಣಿ. ಹೆಸರು ಅರ್ಧಾಣೆ.
ಅಶೋಕಪುರಂ ವರ್ಕ್‌ಶಾಪಿನ ಪೆನ್ಷನ್ನು, ಪ್ಲೈವುಡ್ಡು,
ಮಂಡಿ ಮೊಹಲ್ಲಾದ ನಯಾಜ್ ಹೊಲಿದ ಹಾಯಿ.
ಶಾಮಿಯಾನದ ಬಟ್ಟೆ; ಎಷ್ಟು ಮದುವೆಗೆ ನೆರಳಾಗಿತ್ತೋ,
ಒಂದು ಮೂಲೆಯಲ್ಲಿ ಇನ್ನೂ ಸಾರಿನ ಕಲೆ.
ಟೇಪು ಹಿಡಿದು ಕೇಳಿದ್ದ:
'ಎದೆ ಎಲ್ಲಿ ಸಾರ್, ಸೊಂಟ ಎಲ್ಲಿ?'
ಗಾಳಿ ತುಂಬಿದ ಮೇಲೆ ಗೊತ್ತಾಯಿತು,
ಸರಿಯಾಗೇ ಕೇಳಿದ್ದ.

ಸಾಗರ ಅನ್ನುವುದು ಹೆಸರಿಗೆ. ಉಪ್ಪಿಲ್ಲ.
ನಾವೂ ಆಚೆ ದಡದ ಆಸೆಯವರಲ್ಲ.
ದಂಡೆಯ ಸೆರಗು ಹಿಡಿದು, ಭಾನುವಾರಕ್ಕೊಂದು ತುಂಡು:
ಸಾಗರಕಟ್ಟೆಯ ರೈಲು ಸೇತುವೆಯಿಂದ
ಒಂಟಿ ಜಾಲಿಮರದವರೆಗೆ;
ಜಾಲಿಯಿಂದ ಮೀನಾಕ್ಷಿಪುರ;
ಅಲ್ಲಿಂದ ಆನಂದೂರಿನ ಕೆಳಗಿನ ದಿಬ್ಬ.
ಸಂಜೆ ಹಾಯಿ ಸುತ್ತಿ, ದೋಣಿ ಅಲ್ಲೇ ಬಿಟ್ಟು,
ಬಸ್ಸಿನಲ್ಲಿ ಮನೆಗೆ. ಕಂಡಕ್ಟರ್
ಒದ್ದೆ ಪ್ಯಾಂಟು ನೋಡಿ 'ನಿಂತೇ ಬನ್ನಿ' ಅಂದ.

ಗಾಳಿ ಏಳುವುದು ಹನ್ನೊಂದಕ್ಕೆ.
ಅಲ್ಲಿಯವರೆಗೆ ಹಾಯಿ ಒಣಗಲು ಹಾಕಿದ ಪಂಚೆ.
ಆಮೇಲೆ ಒಮ್ಮೆಗೇ ಹಗ್ಗ ಅಂಗೈ ಸುಡುತ್ತದೆ,
ಸೆಲೆಸ್ಟಿನ್ ಬಾಯಲ್ಲಿ ಅರ್ಧ ಜಪ, ಅರ್ಧ ಬೈಗುಳ,
ಚುಕ್ಕಾಣಿಗೆ ಕರುವಿನ ಬಾಲದಂತೆ ಜೀವ.

ಮೀನಾಕ್ಷಿಪುರದಲ್ಲಿ ಕೆಂಪಾಜಮ್ಮ,
ನೀರು ಬಿಟ್ಟುಕೊಟ್ಟ ನೆಲಕ್ಕೆ ಸೌತೆ ಹಾಕಿದವಳು,
ಸೊಂಟಕ್ಕೆ ಕೈಯಿಟ್ಟು ನಿಂತಳು.
'ಎಲ್ಲಿಂದ ಬಂದ್ರಿ?' ಬೆರಳು ತೋರಿಸಿದೆವು: ಆ ಜಾಲಿಮರ.
'ಎಲ್ಲಿಗ್ ವೋಯ್ತೀರಿ?' ಇನ್ನೊಂದು ಬೆರಳು: ಈ ದಿಬ್ಬ.
'ನಡೆದ್ರೆ ಅರ್ಧ ಗಂಟೆ' ಅಂದಳು,
ಹಂಗಿಸಲಿಕ್ಕಲ್ಲ, ಲೆಕ್ಕಕ್ಕೆ.
ಎರಡು ಎಳೆ ಸೌತೆ ಕಿತ್ತು ಕೊಟ್ಟಳು,
ದೂರದಿಂದ ಬಂದವರಿಗೆ ಕೊಡುವ ಹಾಗೆ.

ನಾಲ್ಕನೇ ಭಾನುವಾರ ಗಾಳಿಯೇ ಬರಲಿಲ್ಲ.
ದೋಣಿಯಲ್ಲಿ ಕೂತು ಚಿತ್ರಾನ್ನ ತಿಂದು ಬಂದೆವು.

ಐದನೆಯದಕ್ಕೆ ಹಿಂದಿರುಗಿದೆವು. ತೊಂಬತ್ತಾರು ಅಡಿ.
ಎದುರುಗಾಳಿ; ನೇರ ಹೋಗುವ ಹಾಗಿಲ್ಲ.
ಓರೆ ಹೋಗಬೇಕು, ತಿರುಗಬೇಕು, ಮತ್ತೆ ಓರೆ,
ಕೈಗಡ ಕೇಳಲು ಬಂದವ ಮಾತು ತೆಗೆದ ಹಾಗೆ.
ಹೋದ ದಂಡೆ ಇರಲಿಲ್ಲ.
ಲಂಗರು ಬಿಟ್ಟಿದ್ದಲ್ಲಿ ಸೌತೆಯ ಹಳದಿ ಹೂವು,
ಸುತ್ತು ಹಾಕಿದ್ದ ನಡುಗಡ್ಡೆಗೆ
ಎಮ್ಮೆಗಳು ನಡೆದುಕೊಂಡೇ ಹೋಗುತ್ತಿದ್ದವು.
ಸೆಲೆಸ್ಟಿನ್ ನಕ್ಷೆ ಬರೆದಿದ್ದ,
ಹಳೇ ಕ್ಯಾಲೆಂಡರಿನ ಬೆನ್ನಿಗೆ, ಪೆನ್ಸಿಲಿನಲ್ಲಿ.
ರಬ್ಬರು ತೆಗೆದ. ಯೋಚಿಸಿದ. ಅಳಿಸಲಿಲ್ಲ.
ಕೆಳಗೆ ತಾರೀಖು ಹಾಕಿದ,
ಫೋಟೋದ ಹಿಂದೆ ಹಾಕುತ್ತಾರಲ್ಲ, ಹಾಗೆ.

ಅಲ್ಲೇ ಕೆಸರು ಅರ್ಧಾಣೆಯ ಹೊಟ್ಟೆ ಹಿಡಿಯಿತು.
ನೂಕಿದೆವು, ಮೊಣಕಾಲು ಹೂತಿತು, ಕೈಬಿಟ್ಟೆವು.
ಕೆಂಪಾಜಮ್ಮನಿಗೆ ಒಪ್ಪಿಸಿ, ಫೋನ್ ನಂಬರ್ ಬರೆದುಕೊಟ್ಟೆವು.

ಮೇ ತಿಂಗಳು ಹೋಗಿ ನೋಡಿದರೆ
ನೀರು ಕೂಗಳತೆ ದೂರ. ಬಿರಿದ ನೆಲದ ಮೇಲೆ ದೋಣಿ.
ಕೂವೆಮರದಿಂದ ಬೇಲಿಗೆ ಹಗ್ಗ,
ಹಗ್ಗದ ಮೇಲೆ ಎರಡು ಸೀರೆ,
ನಮ್ಮ ಹಾಯಿಗಿಂತ ಚೆನ್ನಾಗಿ ಗಾಳಿ ಹಿಡಿದಿದ್ದವು.
ಲಂಗರಿಗೆ ಒಂದು ಆಡು ಕಟ್ಟಿತ್ತು.
ನೆರಳಲ್ಲಿ ಕೂತು ಮಜ್ಜಿಗೆ ಕುಡಿದೆವು,
ಹದಿಮೂರಡಿ ನೆರಳು, ನಾವೇ ಕಟ್ಟಿದ್ದು.

ಈಗ ಕೊಡಗಿನಲ್ಲಿ ಮಳೆಯಂತೆ.
ಪತ್ರಿಕೆಯ ಮೂಲೆ: ಎಂಬತ್ತೆಂಟು.
ತೊಂಬತ್ತೊಂದು.
ಎರಡು ದಿನ ತೊಂಬತ್ತಮೂರರಲ್ಲೇ ಕೂತಿತ್ತು,
ಸೆಲೆಸ್ಟಿನ್ ಎರಡು ಪತ್ರಿಕೆ ತರಿಸಿ ತಾಳೆ ನೋಡಿದ.
ಈವತ್ತು ಪೇಪರ್ ಹುಡುಗ ಬರುವ ಮೊದಲೇ,
ಇನ್ನೂ ಕತ್ತಲು, ಫೋನು.
ಆ ಕಡೆ ಕೆಂಪಾಜಮ್ಮ, ನೀರಿನಾಚೆಯಿಂದ ಕೂಗುವ ಗಂಟಲಲ್ಲಿ:
'ಬುದ್ದಿ, ಆಡಿನ್ ಕಾಲು ನೆನೀತಾ ಅದೆ.'